ಮಣಕಕ್ಕೂ ಒಂದು ಪಾಲು ಹಿಂಡಿ

ಪುಣೆ, ಮುಂಬೈಯಲ್ಲಿ ಕೆಲಸ ಮಾಡುವ ನಮ್ಮ ಬೆಳಗಾವಿ ಕಡೆಯವರು ಕೈಯಲ್ಲಿ ನಾಲ್ಕು ಕಾಸು ಕೂಡಿದ ಕೂಡಲೇ ಊರಲ್ಲಿರುವ ಅಪ್ಪ-ಅವ್ವನಿಗೆ ಒಂದು ಮುರ್ರಾ ಎಮ್ಮೆ ಕೊಡಿಸುವ ಯೋಚನೆ ಮಾಡುತ್ತಾರೆ. ಒಳ್ಳೆಯದೇ. ಆದರೆ ಲಕ್ಷ ದಾಟುವ ಆ ಎಮ್ಮೆ ಬಂದು ನಿಲ್ಲುವ ಕೊಟ್ಟಿಗೆಯ ಮೂಲೆಯಲ್ಲೇ ಎಲುಬು ಕಾಣುವ ಮಣಕವೊಂದು ಒಣ ಕಣಿಕೆ ಜಗಿಯುತ್ತ ನಿಂತಿರುತ್ತದೆ. ಹೊಸ ಎಮ್ಮೆ ಕೊಳ್ಳುವ ಮೊದಲು ಆ ಮಣಕಕ್ಕೆ ದುಡ್ಡು ಕಳಿಸಿ ಎನ್ನುವುದು ನನ್ನ ವಾದ.

ಹಿಂಡುವ ಎಮ್ಮೆಗೆ ಹಿಂಡಿ, ಬೂಸಾ, ಹಸಿ ಮೇವು. ಅದು ತಿಂದು ಬಿಟ್ಟದ್ದು ಮಣಕಕ್ಕೆ. ಇದು ಜಿಪುಣತನವಲ್ಲ. ಹಾಲಿನ ಬಿಲ್ಲಿನಿಂದಲೇ ಮನೆ ನಡೆಯಬೇಕು, ಮಣಕದ ಹೆಸರಲ್ಲಿ ಮೂರು ವರ್ಷ ಒಂದು ರೂಪಾಯಿಯೂ ಬರುವುದಿಲ್ಲ. ಗೋಕಾಕ ಕಡೆಯ ನಮ್ಮ ಮನೆಯಲ್ಲಿ ಅವ್ವ ಕೇಳುವುದೂ ಇದನ್ನೇ: "ಹಾಲ ಕೊಡದ್ದಕ್ಕ ಹಿಂಡಿ ಹಾಕಿದ್ರ, ಕೊಡೂದಕ್ಕ ಏನ ಹಾಕ್ಲೆಪಾ?"

ಉತ್ತರ ಲೆಕ್ಕದಲ್ಲಿದೆ. ಎಮ್ಮೆಗೆ ಮೊದಲ ಬೆದೆ ಬರುವುದು ವಯಸ್ಸಿಗಿಂತ ಹೆಚ್ಚಾಗಿ ಮೈತೂಕದ ಮೇಲೆ. ಮುರ್ರಾ ಕರು ಹುಟ್ಟುವಾಗ 30 ಕೆಜಿ ಆಸುಪಾಸು ಇರುತ್ತದೆ. ಗಬ್ಬ ಕಟ್ಟಿಸಲು ಸುಮಾರು 300 ಕೆಜಿ ಆಗಬೇಕು. ನಡುವಿನ 270 ಕೆಜಿಯನ್ನು ದಿನಕ್ಕೆ 340 ಗ್ರಾಂನಂತೆ ಗಳಿಸಿದರೆ 26 ತಿಂಗಳು ಸಾಕು. ಎಮ್ಮೆಯ ಗರ್ಭ ಹತ್ತು ತಿಂಗಳಿಗೂ ತುಸು ಹೆಚ್ಚು. ಅಂದರೆ ಮೂರು ವರ್ಷಕ್ಕೆ ಕರು, ಹಾಲು. ದಿನಕ್ಕೆ 200 ಗ್ರಾಂ ಮಾತ್ರ ಬೆಳೆದರೆ ಅದೇ ತೂಕ ಮುಟ್ಟಲು 44 ತಿಂಗಳು ಬೇಕು, ಈಯುವ ಹೊತ್ತಿಗೆ ನಾಲ್ಕೂವರೆ ವರ್ಷ. ಹಿಂಡಿ ಉಳಿಸಿದೆವು ಅಂದುಕೊಂಡವರು ಒಂದೂವರೆ ವರ್ಷ ಹಾಲಿಲ್ಲದೆ ಮೇವು ಹಾಕಿರುತ್ತಾರೆ. 2021ರಲ್ಲಿ ಅಧಿಕೃತ ತಳಿಗಳ ಪಟ್ಟಿ ಸೇರಿದ ನಮ್ಮ ಧಾರವಾಡಿ ಎಮ್ಮೆಯಾಗಲಿ, ಪಂಢರಪುರಿಯಾಗಲಿ ಮೈಯಲ್ಲಿ ಹಗುರ. ಅವಕ್ಕೆ 300 ಕೆಜಿ ಎಂದು ಹಟ ಹಿಡಿಯಬೇಕಿಲ್ಲ, ಬಲಿತ ಎಮ್ಮೆಯ ತೂಕದ ನೂರಕ್ಕೆ ಅರವತ್ತು ಭಾಗ ಎಂದು ಹಿಡಿದರೆ ಆಯಿತು.

ಕೆಲಸ ಶುರುವಾಗುವುದು ಮೊದಲ ಗಂಟೆಯಲ್ಲೇ. ಕರುವಿಗೆ ರೋಗ ತಡೆಯುವ ಶಕ್ತಿ ತಾಯಿಯ ಹೊಟ್ಟೆಯಲ್ಲಿ ಬರುವುದಿಲ್ಲ, ಗಿಣ್ಣದ ಹಾಲಿನಲ್ಲಿ ಬರುತ್ತದೆ. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಒಂದು ದಿನದೊಳಗೆ ಮುಚ್ಚಿಹೋಗುತ್ತದೆ. ಕಸ ಬೀಳುವವರೆಗೆ ಗಿಣ್ಣ ಕುಡಿಸಬಾರದು ಎನ್ನುವ ಪದ್ಧತಿ ಇನ್ನೂ ಎಷ್ಟೋ ಊರುಗಳಲ್ಲಿದೆ. ಅದನ್ನು ಬಿಡಿಸಲು ಪೈಸೆ ಖರ್ಚಿಲ್ಲ, ಒಂದು ಫೋನು ಸಾಕು. ಮೊದಲ ದಿನ ಮೈತೂಕದ ಹತ್ತನೇ ಒಂದು ಭಾಗ, ಅಂದರೆ ಮೂರು ಲೀಟರಿನಷ್ಟು ಗಿಣ್ಣ ಹೊಟ್ಟೆ ಸೇರಬೇಕು. ಇನ್ನೊಂದು ಮಾತು: ಎಮ್ಮೆಗರುವಿಗೆ ದುಂಡುಜಂತು ತಾಯಿಯ ಹಾಲಿನಿಂದಲೇ ಬರುತ್ತದೆ. ಆದ್ದರಿಂದ ಜಂತಿನ ಔಷಧಕ್ಕೆ ತಿಂಗಳುಗಟ್ಟಲೆ ಕಾಯಬಾರದು, ಹದಿನೈದು ದಿನದೊಳಗೆ ಪಶುವೈದ್ಯರನ್ನು ಕೇಳಿ ಕುಡಿಸಬೇಕು.

ಹಾಲು ಬಿಡಿಸಿದ ಮೇಲಿನ ತಿಂಗಳುಗಳೇ ಮಣಕಕ್ಕೆ ನಿಜವಾದ ಬರಗಾಲ. ಬರೀ ಕಣಿಕೆ, ಹೊಟ್ಟಿನಲ್ಲಿ ಮೈ ಬೆಳೆಸುವಷ್ಟು ಪ್ರೋಟೀನ್ ಇಲ್ಲ. ಎರಡನೇ ವಾರದಿಂದ ಒಂದೊಂದು ಹಿಡಿ ಕರುವಿನ ಆಹಾರ ರೂಢಿ ಮಾಡಿಸಿ, ಆರು ತಿಂಗಳ ಹೊತ್ತಿಗೆ ದಿನಕ್ಕೆ ಕಿಲೋ ಆಸುಪಾಸಿಗೆ ಏರಿಸಿ, ಜೊತೆಗೆ ಹಸಿ ಮೇವು, ಚಿಟಿಕೆ ಉಪ್ಪು, ಖನಿಜ ಮಿಶ್ರಣ ಕೊಟ್ಟರೆ ಮೈ ತುಂಬುತ್ತದೆ. ನಮ್ಮ ಕಡೆ ಕಬ್ಬಿನ ಸೋಗೆ ಧಾರಾಳ. ಅದರಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುವುದರಿಂದ ಸೋಗೆ ತಿನ್ನುವ ಮಣಕಕ್ಕೆ ಖನಿಜ ಮಿಶ್ರಣ ತಪ್ಪಿಸಲೇಬಾರದು. ಹಾಗಂತ ಕೊಬ್ಬಿಸುವುದೂ ಬೇಡ, ಬೊಜ್ಜು ಬಂದ ಮಣಕ ಗಬ್ಬ ನಿಲ್ಲಲು ಸತಾಯಿಸುತ್ತದೆ.

ದನಗಳ ಕೊರಳಿಗೆ ಕಟ್ಟುವ ಸೆನ್ಸರು, ಆ್ಯಪು ಎಂದು ನಮ್ಮ ವೃತ್ತಿಯವರು ಏನೇನೋ ಮಾರುತ್ತಾರೆ. ಮಣಕಕ್ಕೆ ದರ್ಜಿಯ ಟೇಪು ಸಾಕು. ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಮತ್ತೆ ಭುಜದ ಮೂಳೆಯಿಂದ ಹಿಂಬದಿಯ ಮೂಳೆಯವರೆಗಿನ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಅಂದಾಜು ಕೆಜಿ ಸಿಗುತ್ತದೆ. ಸುತ್ತಳತೆ 50, ಉದ್ದ 44 ಇದ್ದರೆ ಸುಮಾರು 167 ಕೆಜಿ. ತುಸು ಹೆಚ್ಚುಕಡಿಮೆ ಆಗುತ್ತದೆ, ಆದರೆ ತಿಂಗಳಿಂದ ತಿಂಗಳಿಗೆ ಏರಿಕೆ ಇದೆಯೋ ಇಲ್ಲವೋ ಅನ್ನುವುದು ಗೊತ್ತಾಗುತ್ತದೆ. ಲೆಕ್ಕ ನಮಗೆ ಬಿಡಿ, ಎರಡು ಅಳತೆ ವಾಟ್ಸ್‌ಆ್ಯಪಿನಲ್ಲಿ ಬಂದರೆ ಆಯಿತು.

ಮೂರು ವರ್ಷ ತಪ್ಪದೆ ತಿಂಗಳಿಗೆ ಸ್ವಲ್ಪ ಸ್ವಲ್ಪ ಹಣ ಹಾಕುವುದು ಹಾಲಿನ ಬಿಲ್ಲನ್ನೇ ನಂಬಿದ ಮನೆಗೆ ಕಷ್ಟ, ಸಂಬಳದವರಿಗೆ ಸುಲಭ. ಎಸ್‌ಐಪಿ ಕಟ್ಟುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಚೀಲ ಬೇರೆಯೇ ಇರಲಿ. ಒಂದೇ ಚೀಲವಾದರೆ ಅವ್ವಂದಿರ ಕೈ ಹಿಂಡುವ ಎಮ್ಮೆಯ ಗ್ವಾದಲಿಯತ್ತಲೇ ಹೋಗುತ್ತದೆ. ತೂಕ ಮುಟ್ಟಿದ ಮೇಲೂ ಎಮ್ಮೆಯ ಬೆದೆ ಹಸುವಿನ ಹಾಗೆ ಎದ್ದು ಕಾಣುವುದಿಲ್ಲ, ಹೆಚ್ಚಾಗಿ ರಾತ್ರಿ ಬಂದು ಹೋಗಿಬಿಡುತ್ತದೆ. ಆ ದಿನಗಳಲ್ಲಿ ಬೆಳಗಿನ ಜಾವ ಒಮ್ಮೆ ಎದ್ದು ನೋಡಿ ಎಂದು ಅಪ್ಪನಿಗೆ ಹೇಳಿಡಿ.