ಒಡವೆ ತೀರಿಸಿದ ಸಾಲ

ಚಿನ್ನದ ಬೆಲೆ ಏರಿದರೆ ಒಡವೆ ಇದ್ದವರು ಭಾಗ್ಯವಂತರು ಎನ್ನುತ್ತೇವೆ. ಆದರೆ 1931ರಲ್ಲಿ ಚಿನ್ನದ ಬೆಲೆ ಏರಿದಾಗ ನಮ್ಮ ಹಳ್ಳಿಗಳ ಅಸಂಖ್ಯ ಮಹಿಳೆಯರ ಕೊರಳು, ಕೈ ಬರಿದಾದವು. ಅದೇಕೆ ಹಾಗಾಯಿತು?

1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಬ್ಯಾಂಕುಗಳು ಮುಳುಗಿದವು, ಕಾರ್ಖಾನೆಗಳು ಮುಚ್ಚಿದವು. ಅಮೆರಿಕದ ಪೇಟೆಗೂ ನಮ್ಮ ಮಲಪ್ರಭೆಯ ದಂಡೆಯ ಎಂ.ಕೆ. ಹುಬ್ಬಳ್ಳಿಗೂ ಏನು ಸಂಬಂಧ ಎನ್ನಬೇಡಿ. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಬೈಲಹೊಂಗಲ, ಸವದತ್ತಿಯ ಎರೆ ಹೊಲಗಳು ಹತ್ತಿಯ ಸೀಮೆ. ಹತ್ತಿಯ ದರ ನಿರ್ಧಾರವಾಗುತ್ತಿದ್ದುದು ಮುಂಬಯಿಯಲ್ಲಿ. ಮುಂಬಯಿಯವರು ನೋಡುತ್ತಿದ್ದುದು ಲಿವರ್‌ಪೂಲ್ ಮತ್ತು ನ್ಯೂಯಾರ್ಕಿನ ದರವನ್ನು. ಎರಡು ಮೂರು ವರ್ಷಗಳಲ್ಲಿ ದೇಶದಲ್ಲಿ ಬೆಳೆಗಳ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಸರಕಾರದ ಕಂದಾಯವಾಗಲಿ ಸಾಹುಕಾರನ ಸಾಲವಾಗಲಿ ಅರ್ಧವಾಗಲಿಲ್ಲ. ಒಂದು ಚೀಲ ಮಾರಿ ತೀರಿಸುತ್ತಿದ್ದ ಬಾಕಿಗೆ ಎರಡು ಚೀಲ ಮಾರಬೇಕಾಯಿತು.

ಅಷ್ಟರಲ್ಲಿ, 1931ರ ಸೆಪ್ಟೆಂಬರ್‌ನಲ್ಲಿ, ಬ್ರಿಟನ್ ತನ್ನ ಪೌಂಡಿಗೂ ಚಿನ್ನಕ್ಕೂ ಇದ್ದ ನಂಟನ್ನು ಕಡಿದುಕೊಂಡಿತು. ಪೌಂಡಿಗೆ ಕಟ್ಟಿದ್ದ ರೂಪಾಯಿಯೂ ಅದರೊಂದಿಗೆ ಇಳಿಯಿತು. ತೊಲಕ್ಕೆ 21 ರೂಪಾಯಿಯ ಆಸುಪಾಸಿನಲ್ಲಿದ್ದ ಚಿನ್ನ ಕೆಲವೇ ವರ್ಷಗಳಲ್ಲಿ 30 ರೂಪಾಯಿ ದಾಟಿತು. ಬೇರೆ ದಾರಿ ಕಾಣದ ರೈತ ಕುಟುಂಬಗಳು ಒಡವೆ ಮಾರಿದವು. ಅದು ಕರಗಿ ಗಟ್ಟಿಯಾಗಿ ಮುಂಬಯಿಯಿಂದ ಹಡಗು ಹತ್ತಿತು. ಹೀಗೆ ಹೊರಹೋದ ಚಿನ್ನದ ಮೌಲ್ಯ 200 ಕೋಟಿ ರೂಪಾಯಿಗೂ ಹೆಚ್ಚು. ತಡೆಯಬೇಕೆಂಬ ಕೂಗೆದ್ದರೂ ಬ್ರಿಟಿಷ್ ಸರಕಾರ ತಡೆಯಲಿಲ್ಲ. ಲಂಡನ್ನಿಗೆ ಕಟ್ಟಬೇಕಾದ ಹಣಕ್ಕೆ ಅದರಿಂದ ಅನುಕೂಲವೇ ಆಯಿತು.

ಅಮೆರಿಕದಲ್ಲಿ ನಾಲ್ವರಲ್ಲಿ ಒಬ್ಬ ದುಡಿಮೆಗಾರ ನಿರುದ್ಯೋಗಿಯಾಗಿದ್ದ 1933ರಲ್ಲಿ ರೂಸ್ವೆಲ್ಟ್ ಅಧ್ಯಕ್ಷರಾದರು. ಬ್ಯಾಂಕುಗಳನ್ನು ಕೆಲವು ದಿನ ಮುಚ್ಚಿಸಿ, ಪರೀಕ್ಷಿಸಿ, ಗಟ್ಟಿಯಾದವುಗಳನ್ನು ತೆರೆಸಿದರು. ಠೇವಣಿಗೆ ವಿಮೆ ತಂದರು. ರಸ್ತೆ, ಸೇತುವೆ, ಅರಣ್ಯಗಳ ಕೆಲಸಕ್ಕೆ ಜನರನ್ನು ಹಚ್ಚಿದರು. ಕಷ್ಟ ಪೂರ್ತಿ ನೀಗಲಿಲ್ಲ, ಆದರೂ ಅನೇಕರ ಮನೆಯ ಒಲೆ ಉರಿಯಿತು.

ಇಲ್ಲಿಯ ಸರಕಾರ ಖರ್ಚು ಕಡಿಮೆ ಮಾಡಿತು, ತೆರಿಗೆ ಏರಿಸಿತು. 1932ರಲ್ಲಿ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ಕೊಟ್ಟದ್ದರಿಂದ ದೇಶದಲ್ಲಿ ಹಲವು ಕಾರ್ಖಾನೆಗಳು ಎದ್ದವು ನಿಜ. ಆದರೆ ಮುಂಬಯಿ ಪ್ರಾಂತದ ರೈತನ ಸಾಲವನ್ನು ತಗ್ಗಿಸಿ ಕಂತು ಮಾಡಿಕೊಡುವ ಕಾಯ್ದೆ ಬಂದದ್ದು 1939ರಲ್ಲಿ. ಬೆಲೆ ಕುಸಿದು ಹತ್ತು ವರ್ಷವಾಗಿತ್ತು! ಮಾರಿದ ಒಡವೆಗಳನ್ನು ಯಾವ ಕಾಯ್ದೆಯೂ ಮರಳಿ ತರಲಾರದು.

ಸರಕಾರದ ನೆರವು ತಡವಾದಾಗ ಅದರ ಬೆಲೆಯನ್ನು ಮೊದಲು ತೆರುವವಳು ಮನೆಯ ಹೆಣ್ಣು. ಆದ್ದರಿಂದ ಸಹೋದರಿಯರೇ, ಲೆಕ್ಕ ಗಂಡಸರ ಕೆಲಸವೆಂದು ಸುಮ್ಮನಿರಬೇಡಿ. ನಮ್ಮ ದೇಶದಲ್ಲಿ ಬ್ಯಾಂಕ್ ಠೇವಣಿಗೆ ವಿಮೆ ಬಂದದ್ದು 1962ರಲ್ಲಿ. 2020ರಿಂದ ಒಂದು ಬ್ಯಾಂಕಿನಲ್ಲಿ ಒಬ್ಬರ ಹಣಕ್ಕೆ 5 ಲಕ್ಷ ರೂಪಾಯಿವರೆಗೆ ಈ ರಕ್ಷಣೆಯಿದೆ. ಸಹಕಾರಿ ಬ್ಯಾಂಕುಗಳೂ ಇದರಲ್ಲಿ ಸೇರುತ್ತವೆ. ಊರಿನ ಪತ್ತಿನ ಸಹಕಾರಿ ಸಂಘಗಳು ಸೇರುವುದಿಲ್ಲ. ಹೆಚ್ಚು ಬಡ್ಡಿಯ ಆಸೆಗೆ ಹಣ ಇಡುವ ಮೊದಲು ಇದನ್ನು ಕೇಳಿ ತಿಳಿಯಿರಿ.

ಮಹರ್ ಆಗಿ ಬಂದ ಒಡವೆ ನಿಮ್ಮದೇ ಸೊತ್ತು. ಅದನ್ನು ಅಡವಿಡುವ ಪ್ರಸಂಗ ಬಂದರೆ ಎಷ್ಟು ಸಾಲ, ಯಾವ ದಿನಾಂಕದೊಳಗೆ ಬಿಡಿಸಬೇಕು, ಚೀಟಿ ಯಾರ ಹೆಸರಿನಲ್ಲಿದೆ ಎಂದು ಓದಿಯೇ ಒಪ್ಪಿಗೆ ಕೊಡಿ. ಕಷ್ಟಕ್ಕೆ ಒಡವೆ ಕೊಡುವುದು ತಪ್ಪಲ್ಲ. ಲೆಕ್ಕ ಅರಿಯದೆ ಕೊಡುವುದು ಬೇಡ.