ಎಣ್ಣೆ ಹೊಡೆಯುವ ಯಂತ್ರಕ್ಕೂ ಎಣ್ಣೆ ಬೇಕು



ಬೆಳೆಗೆ ಔಷಧಿ ಸಿಂಪಡಿಸುವುದನ್ನು ನಮ್ಮ ಕಡೆ ‘ಎಣ್ಣೆ ಹೊಡೆಯುವುದು’ ಎಂದೇ ಅನ್ನುತ್ತೇವೆ. ಆ ಎಣ್ಣೆಗೆ ಸಾವಿರಾರು ರೂಪಾಯಿ ಸುರಿಯುತ್ತೇವೆ. ಅದನ್ನು ಹೊಡೆಯುವ ಯಂತ್ರಕ್ಕೆ ಬೇಕಾದ ಎಣ್ಣೆಯ ಮಾತು ಬಂದಾಗ ಮಾತ್ರ ಕೈ ಬಿಗಿಯಾಗುತ್ತದೆ.

ಜವಳಗೇರಾ, ಸಿಂಧನೂರು ಸೀಮೆಯ ನೆಲ್ಲು ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿದ ಬೆಳೆ. ನೀರು ಬಿಟ್ಟ ಮೇಲೆ ಎಲ್ಲರ ನಾಟಿಯೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ. ಕಂದು ಜಿಗಿಹುಳು ಬಿದ್ದರೂ ಎಲ್ಲರ ಗದ್ದೆಗೆ ಒಟ್ಟಿಗೇ ಬೀಳುತ್ತದೆ. ಬುಡದಲ್ಲಿ ಕೂತು ರಸ ಹೀರುವ ಹುಳು ಅದು. ಗದ್ದೆ ಅಲ್ಲಲ್ಲಿ ದುಂಡಗೆ ಸುಟ್ಟಂತೆ ಕಂಡಾಗ ಹೊತ್ತು ಮೀರಿರುತ್ತದೆ. ಅಂಥ ದಿನ ಪವರ್ ಸ್ಪ್ರೇಯರಿನ ಹಗ್ಗ ಎಳೆದು ಎಳೆದು ರಟ್ಟೆ ಸೋತರೂ ಇಂಜಿನ್ ಹತ್ತದಿದ್ದರೆ ಏನು ಮಾಡುತ್ತೀರಿ? ಸಿಂಧನೂರಿನ ಮೆಕ್ಯಾನಿಕ್ ಇದ್ದಾನೆ ಎನ್ನುವಿರಿ. ಅವನ ಅಂಗಡಿ ಮುಂದೆ ಅವತ್ತು ನಿಮ್ಮಂಥವರದೇ ಸಾಲು.

ಕೆಟ್ಟು ಬಂದ ಯಂತ್ರಗಳಲ್ಲಿ ಬಹಳಷ್ಟಕ್ಕೆ ಕಾರಣ ಪೆಟ್ರೋಲಿನ ಡಬ್ಬಿಯಲ್ಲೇ ಇರುತ್ತದೆ. ಎರಡು ಸ್ಟ್ರೋಕಿನ ಇಂಜಿನ್ನಿಗೆ ಆಯಿಲಿನ ಬೇರೆ ಮನೆ ಇಲ್ಲ. ಪೆಟ್ರೋಲಿನಲ್ಲಿ ಬೆರೆತು ಹೋದ ಆಯಿಲೇ ಪಿಸ್ಟನ್ನಿಗೂ ಬೇರಿಂಗಿಗೂ ಜೀವ. ಪುಸ್ತಕದಲ್ಲಿ 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿಲಿ, 50ಕ್ಕೆ 1 ಎಂದಿದ್ದರೆ 20 ಮಿಲಿ. ‘ಎರಡು ಮುಚ್ಚಳ ಹಾಕು’ ಎನ್ನುವ ಲೆಕ್ಕ ಬಿಡಿ. ಎಲ್ಲ ಮುಚ್ಚಳವೂ ಒಂದೇ ಅಳತೆಯದಲ್ಲ. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟುತ್ತದೆ. ಟ್ರ್ಯಾಕ್ಟರಿನಿಂದ ಇಳಿಸಿದ ಹಳೇ ಆಯಿಲನ್ನಂತೂ ಹತ್ತಿರ ತರಬೇಡಿ.

ನಾಲ್ಕು ಸ್ಟ್ರೋಕಿನದಾದರೆ ಲೆಕ್ಕ ತಿರುವುಮುರುವು. ಬರೀ ಪೆಟ್ರೋಲು, ಆಯಿಲಿಗೆ ಬೇರೆ ಮುಚ್ಚಳ. ಪ್ರತಿ ಸಲ ಮಟ್ಟ ನೋಡಿ, ಪುಸ್ತಕ ಹೇಳಿದಷ್ಟು ಗಂಟೆಗೆ ಬದಲಿಸಿ. ನಿಮ್ಮದು ಯಾವುದೆಂದು ಮೊದಲು ತಿಳಿದುಕೊಳ್ಳಿ.

ಬಾಡಿಗೆ ಯಂತ್ರಗಳ ಪಾಡು ಇನ್ನೂ ಕಷ್ಟ. ಮಾಲೀಕ ಒಬ್ಬ, ಒಯ್ಯುವವ ಇನ್ನೊಬ್ಬ, ಬೆನ್ನಿಗೆ ಹೊರುವ ಆಳು ಮತ್ತೊಬ್ಬ. ಪೆಟ್ರೋಲು ಬೆರೆಸಿದವರು ಯಾರೆಂದು ಸಂಜೆ ಕೇಳಿದರೆ ಮೂವರೂ ಮುಖ ನೋಡಿಕೊಳ್ಳುತ್ತಾರೆ. ಬಾಡಿಗೆಗೆ ಕೊಡುವವರು ಬೆರೆಸಿದ ಪೆಟ್ರೋಲನ್ನೂ ತಾವೇ ಅಳೆದು ಕೊಡಬೇಕು, ಅದರ ದುಡ್ಡನ್ನು ಬಾಡಿಗೆಯಲ್ಲೇ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ. ಒಯ್ಯುವವರಿಗೆ ನಾಲ್ಕು ರೂಪಾಯಿ ಹೆಚ್ಚೆನಿಸಬಹುದು. ನಡುಗದ್ದೆಯಲ್ಲಿ ಯಂತ್ರ ನಿಂತು, ಕೂಲಿಯವರು ಬದುವಿನ ಮೇಲೆ ಕೂತರೆ ಆ ದಿನದ ಕೂಲಿ ಯಾರ ಲೆಕ್ಕ?

ಗಾಳಿ ಸೋಸುವ ಫಿಲ್ಟರು ಮೂಗಿದ್ದ ಹಾಗೆ. ಸ್ಪಂಜಿನದಾದರೆ ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ನಾಲ್ಕು ಹನಿ ಆಯಿಲ್ ಹಚ್ಚಿ ಹಿಂಡಿ ಕೂಡಿಸಿ. ಕಾಗದದ್ದನ್ನು ತೊಳೆಯಬೇಡಿ, ಕೊಡವಿ ನೋಡಿ, ಕೆಟ್ಟಿದ್ದರೆ ಬದಲಿಸಿ. ಸಿಲಿಂಡರಿನ ರೆಕ್ಕೆಗಳ ನಡುವಿನ ಕೆಸರು, ಹೊಟ್ಟು ತೆಗೆಯಿರಿ. ಅಲ್ಲಿ ಗಾಳಿ ಆಡದಿದ್ದರೆ ಇಂಜಿನ್ ಕಾಯುತ್ತದೆ. ಪ್ಲಗ್ಗಿನ ತುದಿ ಕಂದಾಗಿದ್ದರೆ ಚಿಂತೆಯಿಲ್ಲ. ಕಪ್ಪಗೆ ಒದ್ದೆಯಾಗಿದ್ದರೆ ಫಿಲ್ಟರನ್ನೂ ಆಯಿಲಿನ ಅಳತೆಯನ್ನೂ ನೋಡಿ. ಬಿಸಿ ಇಂಜಿನ್ನಿಗೆ ಪೆಟ್ರೋಲು ಹಾಕುವುದು, ಪಕ್ಕದಲ್ಲಿ ಬೀಡಿ ಹಚ್ಚುವುದು ಎರಡೂ ಬೇಡ.

ಎರಡನೇ ಬೆಳೆಗೆ ಕಾಲುವೆ ನೀರು ಸಿಗದ ವರ್ಷ ಯಂತ್ರ ತಿಂಗಳುಗಟ್ಟಲೆ ಮೂಲೆ ಸೇರುತ್ತದೆ. ಕೆಲಸ ಮಾಡಿ ಕೆಟ್ಟದ್ದಕ್ಕಿಂತ ಹೀಗೆ ಕೂತು ಕೆಟ್ಟದ್ದೇ ಹೆಚ್ಚೆನ್ನಬಹುದು. 2025ರ ಹೊತ್ತಿಗೆ ಬಂಕಿನ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಬೆರೆಯತೊಡಗಿದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಳೇ ಯಂತ್ರದ ರಬ್ಬರು ಪೈಪು, ವಾಷರುಗಳನ್ನು ಕೆಡಿಸುತ್ತದೆ. ಉಳಿದ ಪೆಟ್ರೋಲು ಕಾರ್ಬೊರೇಟರಿನಲ್ಲಿ ಆರಿ ಅಂಟಾಗಿ ಸಣ್ಣ ತೂತುಗಳನ್ನು ಮುಚ್ಚುತ್ತದೆ. ಆದ್ದರಿಂದ ಕೊನೆಯ ಸಿಂಪರಣೆ ಮುಗಿದ ದಿನವೇ ಔಷಧಿ ಟಾಕಿಗೆ ಶುದ್ಧ ನೀರು ತುಂಬಿ ಹೊಡೆದು ಪಂಪು ತೊಳೆಯಿರಿ. ತೊಳೆದ ನೀರು ಕಾಲುವೆಗೆ, ದನ ಕುಡಿಯುವ ಹಳ್ಳಕ್ಕೆ ಹೋಗದಿರಲಿ. ಪೆಟ್ರೋಲು ಟಾಕಿ ಬರಿದು ಮಾಡಿ, ಪೈಪಿನಲ್ಲಿ ಉಳಿದದ್ದು ತೀರಿ ಇಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ. ಆರಿದ ಮೇಲೆ ಪ್ಲಗ್ ಬಿಚ್ಚಿ, ಒಂದು ಚಮಚ ಆಯಿಲ್ ಬಿಟ್ಟು, ಹಗ್ಗ ಎರಡು ಸಲ ನಿಧಾನ ಎಳೆದು ಪ್ಲಗ್ ಕೂಡಿಸಿ. ಗೊಬ್ಬರದ ಚೀಲಗಳ ಪಕ್ಕದಲ್ಲಿ ಮಾತ್ರ ಇಡಬೇಡಿ; ಗೊಬ್ಬರದ ಉಪ್ಪಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ.