ಅಸುರನಿಗೆ ವರ ಕೊಟ್ಟವರಾರು?

ದಾವಣಗೆರೆಗೆ ಹತ್ತಿರವೇ ಇರುವ ಹರಿಹರಕ್ಕೆ ಶಾಲಾ ಪ್ರವಾಸ ಹೋಗದ ಮಕ್ಕಳು ಈ ಕಡೆ ಕಡಿಮೆ. ತುಂಗಭದ್ರೆಯ ದಡದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ಪೋಲಾಳ್ವ ದಂಡನಾಥ ಕಟ್ಟಿಸಿದ. ಗರ್ಭಗುಡಿಯಲ್ಲಿರುವುದು ಒಂದೇ ವಿಗ್ರಹ. ಬಲಭಾಗ ಶಿವ, ಎಡಭಾಗ ವಿಷ್ಣು. ಸ್ಥಳಪುರಾಣ ಹೀಗಿದೆ: ಗುಹಾಸುರನೆಂಬ ರಕ್ಕಸ ತಪಸ್ಸು ಮಾಡಿ, ಹರಿಯಿಂದಾಗಲಿ ಹರನಿಂದಾಗಲಿ ತನಗೆ ಸಾವು ಬರಬಾರದೆಂದು ಬ್ರಹ್ಮನಿಂದ ವರ ಪಡೆದ. ಆಮೇಲೆ ಲೋಕವನ್ನೆಲ್ಲ ಕಾಡಿದ. ಕೊನೆಗೆ ಹರಿ, ಹರರು ಒಂದೇ ದೇಹ ತಾಳಿ ಅವನನ್ನು ಕೊಂದರು.

ಚುರುಕಾದ ಮಗು ಇಲ್ಲೊಂದು ಪ್ರಶ್ನೆ ಹಾಕುತ್ತದೆ: 'ಅವನು ಕೆಟ್ಟವನೆಂದು ಬ್ರಹ್ಮನಿಗೆ ಗೊತ್ತಿರಲಿಲ್ಲವೆ? ಗೊತ್ತಿದ್ದರೆ ವರ ಏಕೆ ಕೊಟ್ಟ?' ಅನೇಕ ಮನೆಗಳಲ್ಲಿ ಇದಕ್ಕೆ ಸಿಗುವ ಉತ್ತರ, 'ಸುಮ್ಮನಿರು, ದೇವರ ವಿಷಯದಲ್ಲಿ ಹಾಗೆಲ್ಲ ಕೇಳಬಾರದು.'

ಆದರೆ ದೊಡ್ಡವರೇ ಇದನ್ನು ಕೇಳಿದ್ದಾರೆ. ದೇವರು ಕರುಣಾಳುವೂ ಸರ್ವಶಕ್ತನೂ ಆಗಿದ್ದರೆ ಲೋಕದಲ್ಲಿ ಕೇಡು ಏಕಿದೆ? 1755ರ ನವೆಂಬರ್ 1ರಂದು, ಕ್ರೈಸ್ತರ ಹಬ್ಬದ ದಿನವೇ, ಪೋರ್ಚುಗಲ್ಲಿನ ಲಿಸ್ಬನ್ ನಗರ ಭೂಕಂಪಕ್ಕೆ ಸಿಕ್ಕಿ ಸಾವಿರಾರು ಜನ ಸತ್ತರು. ಇರುವುದರಲ್ಲಿ ಇದೇ ಅತ್ಯುತ್ತಮ ಜಗತ್ತು ಎಂಬ ಲೈಬ್‌ನಿಟ್ಸ್‌ನ ವಾದವನ್ನು ವಾಲ್ಟೇರ್ ಆ ಬಳಿಕ ಕಟುವಾಗಿ ಗೇಲಿ ಮಾಡಿದ.

ನಮ್ಮ ಬ್ರಹ್ಮಸೂತ್ರದಲ್ಲಂತೂ ದೇವರ ಮೇಲೆ ಬರಬಹುದಾದ ಆರೋಪಗಳಿಗೆ ಹೆಸರೇ ಇದೆ: ವೈಷಮ್ಯ, ಅಂದರೆ ಪಕ್ಷಪಾತ, ನೈರ್ಘೃಣ್ಯ, ಅಂದರೆ ನಿರ್ದಯತೆ. ಅಲ್ಲಿ ಕೊಟ್ಟಿರುವ ಸಮಾಧಾನ ಕರ್ಮದ್ದು. ಶಂಕರಾಚಾರ್ಯರು ಇದಕ್ಕೆ ಮಳೆಯ ಹೋಲಿಕೆ ಕೊಡುತ್ತಾರೆ. ಮಳೆ ಎಲ್ಲ ಹೊಲಕ್ಕೂ ಒಂದೇ. ಬೆಳೆಯ ವ್ಯತ್ಯಾಸ ಬೀಜದ್ದು. ಭತ್ತವನ್ನೂ ಮೆಕ್ಕೆಜೋಳವನ್ನೂ ಕಂಡ ನಮ್ಮ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ಬೀಜ ಎಲ್ಲಿಂದ ಬಂತು ಎಂದರೆ, ಸಂಸಾರ ಅನಾದಿ ಎಂಬುದು ಉತ್ತರ. ಜೈನರು ಸೃಷ್ಟಿಕರ್ತನನ್ನೇ ಒಪ್ಪುವುದಿಲ್ಲವಾದ್ದರಿಂದ ಅವರಲ್ಲಿ ದೇವರು ಕಟಕಟೆ ಹತ್ತುವ ಪ್ರಸಂಗವೇ ಇಲ್ಲ. ಬುದ್ಧನದು ಇನ್ನೊಂದು ದಾರಿ. ವಿಷದ ಬಾಣ ತಗುಲಿದವನು, ಹೊಡೆದವನ ಜಾತಿ, ಊರು ತಿಳಿಯುವ ತನಕ ಬಾಣ ಕೀಳಿಸಲಾರೆ ಎಂದರೆ ಗತಿಯೇನು ಎಂದು ಆತ ಕೇಳಿದ.

ಇದು ಬರಿಯ ಪಂಡಿತರ ಚರ್ಚೆಯಲ್ಲ. ಸುತ್ತಲಿನ ಹಳ್ಳಿಗಳಿಂದ ದಾವಣಗೆರೆಯ ಆಸ್ಪತ್ರೆಗಳಿಗೆ ಕಾಯಿಲೆಯ ಮಗುವನ್ನು ಎತ್ತಿಕೊಂಡು ಬರುವ ತಾಯಂದಿರಿದ್ದಾರೆ. ನೋಡಲು ಬಂದ ನೆಂಟರೊಬ್ಬರು, 'ಯಾವ ಜನ್ಮದ ಪಾಪವೋ' ಎಂದು ನಿಟ್ಟುಸಿರು ಬಿಡುತ್ತಾರೆ. ಮಾತಿನಲ್ಲಿ ದುರುದ್ದೇಶ ಇರಲಿಕ್ಕಿಲ್ಲ. ಆದರೆ ಆ ತಾಯಿಯ ಪಾಲಿಗೆ, ಮಗುವಿನ ಜ್ವರದ ಜೊತೆಗೆ ಅಪರಾಧದ ಹೊರೆಯೂ ಸೇರಿತು. ದೇವರ ಮೇಲಿನ ದೂರನ್ನು ನಿವಾರಿಸಲು ಹುಟ್ಟಿದ ವಾದ, ನೊಂದವರ ಮೇಲೆ ದೂರಾಗಿ ತಿರುಗಿತು. ಕರ್ಮವನ್ನು ನಂಬುವವರು ಇನ್ನೊಂದನ್ನೂ ನೆನೆಯಬೇಕು: ಈಗ ಆ ಹಾಸಿಗೆಯ ಪಕ್ಕ ನಿಂತು ನಾನು ಆಡುವ ಮಾತು, ಮಾಡುವ ಸಹಾಯ, ಇವೂ ಕರ್ಮವೇ, ನನ್ನ ಲೆಕ್ಕಕ್ಕೇ ಸೇರುತ್ತವೆ. ಅವರ ಹಿಂದಿನದನ್ನು ಎಣಿಸುವ ಕೆಲಸ ನನ್ನದಲ್ಲ.

ಗುಹಾಸುರ ಕೇಳಿದ ವರವನ್ನೂ ಗಮನಿಸಬೇಕು. ಅವನ ರಕ್ಷಣೆ ಇದ್ದದ್ದು ಹರಿ, ಹರರ ನಡುವಿನ ಸಂದಿನಲ್ಲಿ. ಇಬ್ಬರೂ ಬೇರೆ ಬೇರೆ ಇರುವಷ್ಟು ಕಾಲ ಅವನಿಗೆ ಭಯವಿಲ್ಲ. ಶಾಲೆಯಲ್ಲಿ ಒಬ್ಬ ಹುಡುಗನನ್ನು ನಾಲ್ವರು ಸೇರಿ ದಿನವೂ ಪೀಡಿಸುತ್ತಾರೆ ಎನ್ನೋಣ. ಅದನ್ನು ಮನೆಯಲ್ಲಿ ತಿದ್ದಬೇಕು ಎನ್ನುತ್ತಾರೆ ಮೇಷ್ಟ್ರು. ಶಾಲೆಯವರು ನೋಡಿಕೊಳ್ಳಲಿ ಎನ್ನುತ್ತಾರೆ ತಂದೆತಾಯಿ. ಆ ಸಂದಿನಲ್ಲೇ ಪೀಡೆ ಬೆಳೆಯುತ್ತದೆ. ಇಬ್ಬರೂ ಒಂದಾದ ದಿನ ಅದರ ವರ ತೀರುತ್ತದೆ.

ಬ್ರಹ್ಮ ವರ ಏಕೆ ಕೊಟ್ಟ ಎಂಬುದಕ್ಕೆ ಈ ಕಥೆಯಲ್ಲಿ ಉತ್ತರವಿಲ್ಲ. ಕೊಟ್ಟಾದ ಮೇಲೆ ಏನು ಮಾಡಬೇಕೆಂಬುದಕ್ಕೆ ಇದೆ. ಮಗು ಕೇಳಿದಾಗ ಗದರಿಸಬೇಡಿ. 'ಒಳ್ಳೆಯ ಪ್ರಶ್ನೆ, ಹಿಂದಿನವರೂ ಕೇಳಿದ್ದಾರೆ' ಎನ್ನಿ. ಅವರು ಕೊಟ್ಟ ಉತ್ತರಗಳನ್ನೂ ಹೇಳಿ. ಜೊತೆಗೆ, ನೊಂದವರನ್ನು ಕಂಡಾಗ ಕಾರಣ ಹುಡುಕುವ ಮೊದಲು ಕೈ ಚಾಚಬೇಕೆಂಬುದನ್ನೂ ಕಲಿಸಿ.